ಕಟ್ ಆದ ಮೇಲೆ

"ಅಕ್ಕಾ, ಈ ಕಿರುಚು ಬೇಡವಂತೆ," ಎಂದು ಗಾಜಿನ ಆಚೆಯಿಂದ ಸೌಂಡಿನವನು ಹೇಳಿದಾಗ ಅವಳು ಬಿಸಿನೀರಿನ ಲೋಟ ಎತ್ತಿದ್ದಳು. ಡಬ್ಬಿಂಗಿನಲ್ಲಿ ಕಿರುಚುವುದನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೊದಲೇ ಕಿರುಚಿದರೆ ಗಂಟಲು ಕಟ್ಟಿ ಉಳಿದ ಮಾತೆಲ್ಲ ಹಾಳು. ನಾಯಕಿಯಾದ ಹೊಸ ಹುಡುಗಿಯ ದನಿ ತೆಳು ಎಂದು ಅವಳ ಮಾತನ್ನೆಲ್ಲ ಬೆಳಗಿನಿಂದ ಇವಳೇ ಆಡಿ ಮುಗಿಸಿದ್ದಳು. ಉಳಿದದ್ದು ಅದೊಂದೇ.

"ಬೇಡ ಅಂದ್ರೆ?"

"ಶೂಟಿಂಗಲ್ಲಿ ಹುಡುಗಿ ಕಿರುಚಿದ್ದೇ ಇರಲಿ ಅಂದ್ರು ಡೈರೆಕ್ಟರ್. ಒರಿಜಿನಲ್ ಅಂತೆ."

ಸ್ಟುಡಿಯೋದಲ್ಲಿ ಅವಳ ಹೆಸರೇ ಕಿರುಚಕ್ಕ. ದೆವ್ವದ ಸಿನಿಮಾಗಳಲ್ಲಿ ಎಷ್ಟು ಹೆಂಗಸರು ಸತ್ತರೋ ಅಷ್ಟೂ ಜನ ಅವಳ ಗಂಟಲಿನಿಂದಲೇ ಸತ್ತಿದ್ದರು. ಸ್ನಾನಕ್ಕೆ ಹೋದವಳು ಮೊದಲು ಸಾಯುತ್ತಾಳೆ, ಜೋರಾಗಿ ನಕ್ಕವಳು ಆಮೇಲೆ, ಹೇಳಿದ ಮಾತು ಕೇಳುವವಳು ಮಾತ್ರ ಕೊನೆಯವರೆಗೆ ಉಳಿಯುತ್ತಾಳೆ ಎಂಬುದು ಕಥೆ ಕೇಳದೆಯೇ ಅವಳಿಗೆ ಗೊತ್ತಿತ್ತು. ಬಟ್ಟೆ ಕಡಿಮೆ ಇದ್ದಷ್ಟೂ ದೆವ್ವಕ್ಕೆ ಹಸಿವು ಜಾಸ್ತಿ ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಗಂಟಲು ಉಳಿಸಿಕೊಳ್ಳಲೆಂದು ಮನೆಯಲ್ಲಿ ಪಿಸುಮಾತಿನಲ್ಲೇ ಸಂಸಾರ ನಡೆಸುವವಳು. "ನಿನ್ನ ಹತ್ರ ಬೈಸ್ಕೋಬೇಕಂದ್ರೂ ಟಿಕೆಟ್ ತಗೋಬೇಕು ಕಣೆ," ಎನ್ನುತ್ತಿದ್ದ ಗಂಡ. ಪೋಸ್ಟರಿನಲ್ಲಿ ಬೇರೆಯವರ ಮುಖ ಇರಲಿ, ತನ್ನ ಹೆಸರು ಜನ ಎದ್ದು ಹೊರಗೆ ಹೋಗುವಾಗ ಬರಲಿ, ಕಿರುಚು ಮಾತ್ರ ತನ್ನದು ಎಂಬ ಒಂದು ಗತ್ತು ಅವಳಿಗಿತ್ತು. ಈಗ ಅದಕ್ಕೂ ಕಲ್ಲು ಬಿತ್ತು.

"ಹಾಕು, ಕೇಳೋಣ ಆ ಮಹಾರಾಣಿದು."

ಪರದೆಯ ಮೇಲೆ ಹುಡುಗಿ ನೀರಿನ ತೊಟ್ಟಿಯಲ್ಲಿದ್ದಳು. ಬಿಳಿ ಬಟ್ಟೆ ಮೈಗೆ ಅಂಟಿತ್ತು. ಹಿಂದಿನಿಂದ ಒಂದು ಕೈ ಬಂತು, ಕಿರುಚು ಬಂತು. ಕಿರುಚಕ್ಕ ತಪ್ಪು ಹುಡುಕಲೆಂದೇ ಕಿವಿ ಕೊಟ್ಟಿದ್ದಳು. ದನಿ ತೆಳುವೇ, ನಡುವೆ ಒಡೆದಿತ್ತು, ಒಂದು ಕಡೆ ಉಸಿರೇ ಇರಲಿಲ್ಲ. ಆದರೂ ಅವಳ ಬೆನ್ನು ತಣ್ಣಗಾಯಿತು. ತಾನು ಜೀವಮಾನವೆಲ್ಲ ಒದ್ದಾಡಿದರೂ ಸಿಗದ್ದು ಈ ನಿನ್ನೆ ಮೊನ್ನೆಯ ಹುಡುಗಿಗೆ ಪುಕ್ಕಟೆ ಸಿಕ್ಕಿತ್ತು. ಹೆಡ್‌ಫೋನನ್ನು ಕಿತ್ತಿಟ್ಟು ಹೊರಗೆ ಬಂದಳು.

ಕಾರಿಡಾರಿನ ಬೆಂಚಿನ ಮೇಲೆ ಅದೇ ಹುಡುಗಿ ಕೂತಿದ್ದಳು. ಇವಳನ್ನು ಕಂಡು ಎದ್ದಳು.

"ಅಕ್ಕಾ, ನಿಮ್ಮನ್ನೇ ಕಾಯ್ತಾ ಇದ್ದೆ. ಆ ತೊಟ್ಟಿ ಸೀನಿಗೆ ನೀವೇ ಕಿರುಚಿ. ನಂದು ತೆಗೆಸಿಬಿಡಿ."

"ಯಾಕಮ್ಮಾ? ಎಲ್ಲರೂ ಮೆಚ್ಚಿಕೊಂಡು ತಲೆ ಮೇಲೆ ಹೊತ್ಕೊಂಡಿದಾರೆ. ನನ್ನ ಹತ್ರ ಯಾಕೆ ಈ ನಾಟಕ?"

ಹುಡುಗಿ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡಳು. ಅಲ್ಲಿ ಉಗುರು ತಾಗಿದ ಗೆರೆ ಇನ್ನೂ ಮಾಸಿರಲಿಲ್ಲ.

"ಕಟ್ ಅಂದ ಮೇಲಿಂದು ಕೇಳಿದ್ರಾ?"

ಕಿರುಚಕ್ಕ ತಿರುಗಿ ಒಳಗೆ ಹೋದಳು. "ಪೂರ್ತಿ ಹಾಕೋ," ಎಂದಳು. ಸೌಂಡಿನವನು ತಲೆ ತಗ್ಗಿಸಿಕೊಂಡು ಹಾಕಿದ. ಕಿರುಚು, ಡೈರೆಕ್ಟರನ 'ಕಟ್', ಚಪ್ಪಾಳೆ. ನಟನೆಯ ಕಿರುಚಾದರೆ ಅಲ್ಲಿಗೆ ನಿಲ್ಲಬೇಕು. ಇದು ನಿಲ್ಲಲಿಲ್ಲ. ಯಾರೋ ನಗುತ್ತಿದ್ದರು. ನೀರು ಬಡಿಯುವ ಸದ್ದು, ಬಟ್ಟೆ ಕೇಳುವ ಅವಳ ದನಿ, ಮತ್ತೆ ನಗು.

"ಹೆಗಲು ಮುಟ್ತಾನೆ ಅಂತ ಅಷ್ಟೇ ಹೇಳಿದ್ರು," ಬಾಗಿಲಲ್ಲಿ ನಿಂತ ಹುಡುಗಿ ಹೇಳಿದಳು. "ನೀರೊಳಗೆ ಅದುಮು, ಬಟ್ಟೆ ಎಳಿ ಅಂತ ದೆವ್ವದ ಪಾತ್ರದವನಿಗೆ ಬೇರೆ ಹೇಳ್ಕೊಟ್ಟಿದ್ರು. ಥಿಯೇಟರಲ್ಲಿ ಜನ ಅದಕ್ಕೆ ಶಿಳ್ಳೆ ಹೊಡೀತಾರೆ ಅಕ್ಕಾ. ಮೈ ನೋಡ್ಲಿ, ಹೇಗೂ ತೋರ್ಸಾಗಿದೆ. ಆ ಕಿರುಚನ್ನ ಮಾತ್ರ ಯಾರೂ ಕೇಳ್ಬಾರ್ದು."

ಕಿರುಚಕ್ಕನಿಗೆ ಮರುಕ ಬಂತು. ಹೊಟ್ಟೆಕಿಚ್ಚು ಹೋಗಿರಲಿಲ್ಲ, ಅದೂ ಪಕ್ಕದಲ್ಲೇ ಕೂತಿತ್ತು. ಹುಡುಗಿಯದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಎಲ್ಲಿ ಉಸಿರು ಕಟ್ಟುತ್ತದೆ, ಎಲ್ಲಿ ನೀರು ಬಾಯಿಗೆ ನುಗ್ಗುತ್ತದೆ ಎಂದು ಲೆಕ್ಕ ಹಾಕಿದಳು. ಲೋಟದ ನೀರನ್ನು ಬಾಯಿ ತುಂಬಿಕೊಂಡಳು. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಅದು ಆರಿದ ಮೇಲೂ ಅವಳು ಮೈಕಿನ ಕಂಬವನ್ನು ಬಿಟ್ಟಿರಲಿಲ್ಲ. ಎದೆಯ ಮೇಲೆಲ್ಲ ನೀರು ಸುರಿದಿತ್ತು.

ಸಂಜೆಗೆ ಡೈರೆಕ್ಟರ್ ಬಂದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ.

"ಅಕ್ಕಂಗೆ ಬೇಜಾರಾಗಿದೆ, ತಾವೂ ಒಂದು ಕಿರುಚಿ ಇಟ್ಟಿದಾರೆ ಅಂತ ಕೇಳ್ಪಟ್ಟೆ. ಆಯ್ತು, ಎರಡೂ ಹಾಕೋ. ಪಿಕ್ಚರ್ ಬೇಡ, ಯಾವುದು ಯಾರದು ಅಂತಾನೂ ಹೇಳ್ಬೇಡ. ಕಣ್ಣು ಮುಚ್ಕೊಂಡು ಕೇಳ್ತೀನಿ."

ಸೌಂಡಿನವನು ಮೊದಲು ಹುಡುಗಿಯದನ್ನು ಹಾಕಿದ. ಕಣ್ಣು ಮುಚ್ಚಿದ್ದ ಡೈರೆಕ್ಟರ್ ಮೂಗು ಮುರಿದ. "ಇದು ಅಕ್ಕಂದು. ಗಂಟಲು ಸೋತಿದೆ ಪಾಪ, ಬರೀ ನಟನೆ." ಎರಡನೆಯದು ಬಂದಾಗ ಕುರ್ಚಿಯಲ್ಲಿ ನೆಟ್ಟಗಾದ. ತೋಳಿನ ಕೂದಲು ನಿಂತದ್ದನ್ನು ಎಲ್ಲರಿಗೂ ತೋರಿಸಿದ. "ಇದು ನೋಡಿ, ಹುಡುಗಿದು! ಕೇಳಿದ್ರಾ ಅಕ್ಕಾ? ಇದು ಮೈಕಿನ ಮುಂದೆ ನಿಂತರೆ ಬರಲ್ಲ. ನಾವು ಬರಿಸ್ಬೇಕು."

ಸೌಂಡಿನವನು ಕಿರುಚಕ್ಕನ ಮುಖ ನೋಡಿದ. 'ಅದು ನಂದು' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ನಾಳೆಯೊಳಗೆ ಎಲ್ಲ ಸ್ಟುಡಿಯೋಗಳಲ್ಲೂ ಸುದ್ದಿಯಾಗಿ ಅವಳ ಮಾನ ಮರಳುತ್ತಿತ್ತು. ಆದರೆ ಒರಿಜಿನಲ್ಲೇ ಬೇಕೆನ್ನುವ ಡೈರೆಕ್ಟರನ ಹಟಕ್ಕೆ ಹುಡುಗಿಯದೂ ಸಿನಿಮಾಗೆ ಮರಳುತ್ತಿತ್ತು. ಗಾಜಿನ ಪಕ್ಕ ನಿಂತಿದ್ದ ಹುಡುಗಿ ನೆಲ ನೋಡುತ್ತಿದ್ದಳು. ಚೆಲುವೆ, ಚಿಕ್ಕವಳು, ಪೋಸ್ಟರಿನ ತುಂಬ ಅವಳೇ. ಇದನ್ನೂ ಇವಳಿಗೇ ಕೊಡಬೇಕೇ ಎಂದು ಕಿರುಚಕ್ಕನ ಮೈಯೆಲ್ಲ ಉರಿಯಿತು.

"ಹೌದು ಸಾರ್," ಎಂದಳು. "ನನ್ನ ಕೈಲಿ ಆಗಲ್ಲ."

"ಬೇಜಾರು ಮಾಡ್ಕೋಬೇಡಿ. ಮುಂದಿನ ಪಿಕ್ಚರಲ್ಲಿ ಅಜ್ಜಿ ಮಾತು ನೀವೇ ಮಾಡೋರಂತೆ. ಆ ಮೊದಲನೇದನ್ನ ಅಳಿಸ್ಬಿಡೋ."

ಸೌಂಡಿನವನು ಅಳಿಸಿದ.

ಸಿನಿಮಾ ಬಿಡುಗಡೆಯಾದ ದಿನ ಮಧ್ಯಾಹ್ನದ ಆಟಕ್ಕೆ ಹುಡುಗಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಬಂದು ಕಿರುಚಕ್ಕನ ಪಕ್ಕ ಕೂತಳು. ತನ್ನ ಕಿರುಚು ಅಳಿಸಿದ್ದು ಗೊತ್ತಿದ್ದರೂ ತೊಟ್ಟಿಯ ದೃಶ್ಯ ಶುರುವಾಗುತ್ತಿದ್ದಂತೆ ಎರಡೂ ಕಿವಿ ಮುಚ್ಚಿಕೊಂಡು ಮಂಡಿಯ ಮೇಲೆ ಬಾಗಿದಳು. ಹಿಂದಿನ ಸಾಲುಗಳಲ್ಲಿ ಆಗಲೇ ಶಿಳ್ಳೆ ಎದ್ದಿತ್ತು. ಪರದೆಯ ಮೇಲೆ ಕೈ ಬಂತು, ಕಿರುಚು ಬಂತು, ಇಡೀ ಥಿಯೇಟರ್ ಹೋ ಎಂದಿತು. "ಏನ್ ಕಿರುಚ್ತಾಳೋ ಇವಳು!" ಎಂದ ಹಿಂದಿನವನು. ಕಿರುಚಕ್ಕ ಹಲ್ಲು ಕಚ್ಚಿದಳು. ಕಿರುಚು ಇನ್ನೂ ನಿಂತಿರಲಿಲ್ಲ, ಹುಡುಗಿಯ ಮುಂಗೈ ಹಿಡಿದು ಒಂದು ಕಿವಿಯಿಂದ ಕೈ ಬಿಡಿಸಿದಳು.

"ನಂದು ಕಣೆ," ಎಂದಳು. "ಕೇಳು."

ಹುಡುಗಿ ಇನ್ನೊಂದು ಕೈಯನ್ನು ತಾನೇ ಇಳಿಸಿದಳು. ಪರದೆಯ ಬೆಳಕಿನಲ್ಲಿ ಅವಳು ಕಿರುಚಕ್ಕನ ಗಂಟಲನ್ನೇ ನೋಡುತ್ತ ಕುಳಿತಳು.