ಸೋಮ ನುಡಿದ ಸಾಕ್ಷಿ

ಹುಲಗಪ್ಪನ ಗಂಟಲು ಹೋದದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಹದಿನಾರು ವರ್ಷ ಅವನು ಗದಗಿನಿಂದ ಮುಂಡರಗಿ ದಾಟಿ ಕೊರ್ಲಹಳ್ಳಿಯ ಹೊಳೆಯವರೆಗೆ ಓಡುವ ಖಾಸಗಿ ಟೆಂಪೊದ ಬಾಗಿಲಿಗೆ ಜೋತುಬಿದ್ದು ಊರುಗಳ ಹೆಸರು ಕೂಗಿದವನು. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದರೂ ಮಗ್ಗದ ಗುಂಡಿಯಲ್ಲಿ ಕೂರುವ ತಾಳ್ಮೆ ಅವನಿಗೆ ಇರಲಿಲ್ಲ. ಮಾತು ಬೇಕಿತ್ತು. ಮುದುಕಿಯರನ್ನು ಕೈಹಿಡಿದು ಹತ್ತಿಸುವಾಗ, ಚಿಲ್ಲರೆಗೆ ಜಗಳ ತೆಗೆಯುವವರನ್ನು ನಗಿಸುವಾಗ, ಮುಂದೆ ಕೂತ ಡ್ರೈವರ್ ನಬಿಸಾಬನ ಕಾಲೆಳೆಯುವಾಗ ಅವನ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ದವಡೆಯಲ್ಲಿ ತಂಬಾಕು ಮಾತ್ರ ಯಾವಾಗಲೂ ಇರುತ್ತಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ದನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ಕುಳಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ರಂಧ್ರ ಉಳಿಯಿತು. ಇನ್ನು ಮೇಲೆ ಉಸಿರಾಟ ಅದರಿಂದಲೇ. ಮನೆಗೆ ಬಂದವನಿಗೆ ಹೆಂಡತಿ ಮಲ್ಲವ್ವ ಒಂದು ಪಾಟಿ, ಬಳಪ ತಂದುಕೊಟ್ಟಳು. ಅವನು ಬರೆಯುತ್ತಿದ್ದುದು ನಾಲ್ಕೇ ಶಬ್ದ: ನೀರು, ಬೇಡ, ಹೂಂ, ಮಲಗತೇನಿ. ಉಳಿದ ಹೊತ್ತು ಕುತ್ತಿಗೆಗೆ ಬಿಳಿ ಅರಿವೆ ಸುತ್ತಿಕೊಂಡು, ಮಲ್ಲವ್ವನ ಮಗ್ಗಕ್ಕೆ ಕಂಡಿಕೆಗೆ ನೂಲು ಸುತ್ತುತ್ತ ಗೋಡೆ ನೋಡುತ್ತ ಕೂರುವನು. ಮಾತಾಡಿಸಲು ಬಂದವರು ತಾವೇ ಎರಡು ಮಾತಾಡಿ, ಉತ್ತರ ಬರೆಯುವವರೆಗೆ ಕಾಯಲಾರದೆ ಎದ್ದುಹೋಗುವರು.

ಮಗಳು ವಿದ್ಯಾಶ್ರೀ ಗದಗಿನಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಹಳೆಯದಾಯಿತೆಂದು ಬಿಟ್ಟ ಲ್ಯಾಪ್‌ಟಾಪ್ ಮನೆಗೆ ತಂದು, ಅಪ್ಪನಿಗೆ ಹೊತ್ತು ಹೋಗಲೆಂದು ಅದರಲ್ಲಿ ಒಂದು ಆಟ ಹಾಕಿಕೊಟ್ಟಳು. ಊರೂರು ತಿರುಗುವ ಒಬ್ಬ ಮನುಷ್ಯನ ಕಥೆ ಅದು. ದಾರಿಯಲ್ಲಿ ಸಿಕ್ಕವರು ಅವನನ್ನು ಏನೋ ಕೇಳುತ್ತಾರೆ. ಪರದೆಯ ಕೆಳಗೆ ಮೂರೋ ನಾಲ್ಕೋ ಉತ್ತರ ಮೂಡುತ್ತವೆ. ಆಡುವವರು ಒಂದನ್ನು ಒತ್ತಿದರೆ ಅವನು ಬಾಯಿಬಿಟ್ಟು ಅದನ್ನೇ ಹೇಳುತ್ತಾನೆ. ಆ ಉತ್ತರದಂತೆ ಮುಂದಿನ ಕಥೆ ತಿರುಗುತ್ತದೆ.

"ಮೊದಲ ಇವಂಗೊಂದು ಹೆಸರ ಇಡಬೇಕಪಾ. ಏನಿಡೂಣು?" ಎಂದಳು ವಿದ್ಯಾಶ್ರೀ.

ಹುಲಗಪ್ಪ ಬಹಳ ಹೊತ್ತು ಯೋಚಿಸಿ ಪಾಟಿಯ ಮೇಲೆ 'ಸೋಮ' ಎಂದು ಬರೆದ. ಶಾಲೆಯಲ್ಲಿ ಹುಡುಗರು ತನ್ನ ಹೆಸರಿಗೆ ನಕ್ಕಾಗಲೆಲ್ಲ ತನಗೆ ತಾನೇ ಇಟ್ಟುಕೊಳ್ಳುತ್ತಿದ್ದ ಹೆಸರು ಅದು. ಯಾರಿಗೂ ಹೇಳಿರಲಿಲ್ಲ. ಆಮೇಲೆ ಆಟ ದನಿ ಕೇಳಿತು. ನಾಲ್ಕು ದನಿಗಳಿದ್ದವು. ಅವನು ಒಂದೊಂದನ್ನೂ ಹತ್ತು ಸಲ ಕೇಳಿ ಮೂರನೆಯದನ್ನು ಆರಿಸಿದ. ತುಸು ಒಡಕು ದನಿ. ಬಸ್‌ಸ್ಟ್ಯಾಂಡಿನಲ್ಲಿ ಮುಂಜಾನೆಯಿಂದ ಕೂಗಿ ಬಂದವನಂತಿತ್ತು. ಅದು ಆಡುವ ಇಂಗ್ಲಿಷು ಅವನಿಗೆ ಅರ್ಥವಾಗಲಿಲ್ಲ, ಆದರೂ ಕಣ್ಣು ತುಂಬಿ ಬಂತು. ವಿದ್ಯಾಶ್ರೀ ನೋಡಿಯೂ ನೋಡದವಳಂತೆ ಎದ್ದು ಒಳಗೆ ಹೋದಳು.

ಮೊದಲ ತಿಂಗಳು ಅವಳೇ ಪಕ್ಕದಲ್ಲಿ ಕೂತು ಓದಿ ಹೇಳಿದಳು. ಬರಬರುತ್ತ ಅವನು ಒಂದು ನೋಟ್‌ಬುಕ್ಕಿನಲ್ಲಿ ಶಬ್ದಗಳನ್ನು ಬರೆದುಕೊಂಡು, ಹತ್ತನೆಯ ತರಗತಿಯ ಇಂಗ್ಲಿಷನ್ನು ಕೆದಕಿ ತೆಗೆದು, ತಾನೇ ಓದಲು ಕಲಿತ. ಒಂದೊಂದು ಉತ್ತರಕ್ಕೆ ಅರ್ಧ ತಾಸು ಹಿಡಿಯುತ್ತಿತ್ತು. ಸೋಮ ಯಾರಿಗೂ ಒರಟಾಗಿ ಮಾತಾಡಕೂಡದು, ಸುಳ್ಳಂತೂ ಆಡಲೇಕೂಡದು. ಸುಮ್ಮನಿರುವುದೂ ಒಂದು ಉತ್ತರವಾಗಿ ಬರುತ್ತಿತ್ತು. ಅದನ್ನು ಅವನು ಒಮ್ಮೆಯೂ ಒತ್ತಲಿಲ್ಲ. ಚಳಿಯ ನಾಡಿಗೆ ಹೋದಾಗ ಮೊದಲು ಸೋಮನಿಗೆ ಕಂಬಳಿ ಕೊಡಿಸಿದ. ಬಿದ್ದು ಗಾಯವಾದರೆ ಅಂದು ಮುಂದೆ ನಡೆಸದೆ ಧರ್ಮಶಾಲೆಯಲ್ಲಿ ಮಲಗಿಸಿದ. ಊಟಕ್ಕೆ ಕರೆದ ಮಲ್ಲವ್ವನಿಗೆ ಪಾಟಿಯಲ್ಲಿ, 'ಸೋಮ ಗುಡ್ಡ ಇಳೀಲಿ, ತಡಿ' ಎಂದು ಬರೆದ.

"ಅಂವ ಯಾವಾಗ ಇಳೀತಾನು, ಗಂಜಿ ಆರತೈತಿ" ಎಂದು ಮಲ್ಲವ್ವ ಗೊಣಗಿದಳು. ಆದರೆ ಗಂಡ ಆರು ತಿಂಗಳ ಮೇಲೆ ಒಂದು ಇಡೀ ವಾಕ್ಯ ಬರೆದಿದ್ದ. ಅವಳು ಅದನ್ನು ಸಂಜೆಯವರೆಗೆ ಅಳಿಸಲಿಲ್ಲ.

ಆ ಆಟದಲ್ಲಿ ಒಬ್ಬ ಮುದುಕ ಕಮ್ಮಾರ ಬಂದ. ಊರ ದೊರೆಯ ಉಗ್ರಾಣಕ್ಕೆ ಬೆಂಕಿ ಇಟ್ಟನೆಂದು ಅವನನ್ನು ಹಿಡಿದಿದ್ದರು. ಇಟ್ಟವನು ದೊರೆಯ ಮಗ. ನೋಡಿದವನು ಸೋಮ ಒಬ್ಬನೇ. ತುಂಬಿದ ಸಭೆಯಲ್ಲಿ ಸೋಮನನ್ನು ಕೇಳಿದರು. ನಿಜ ಹೇಳಿದರೆ ಕುದುರೆ, ಕತ್ತಿ ಎಲ್ಲ ಹೋಗಿ ಸೆರೆಮನೆಗೆ ಬೀಳಬೇಕೆಂದು ಮೊದಲೇ ಗೊತ್ತಿತ್ತು. ಹುಲಗಪ್ಪ ನಿಜವನ್ನೇ ಒತ್ತಿದ. ಆ ಒಡಕು ದನಿ ಸಭೆಯ ಕಮಾನುಗಳಿಗೆಲ್ಲ ತಾಗಿ ಮೊಳಗಿತು. ಕಮ್ಮಾರ ಬಿಡುಗಡೆಯಾದ. ಅಂದಿನಿಂದ ಒಂದು ವಾರ ಹುಲಗಪ್ಪ ಎದೆ ಸೆಟೆಸಿಕೊಂಡು ಓಡಾಡಿದ, ಓಣಿಯವರೆಗೂ ಹೋಗಿ ಬಂದ.

ಅದೇ ತಿಂಗಳು ಮುಂಡರಗಿಯ ಕೋರ್ಟಿನಿಂದ ಅವನಿಗೆ ಸಮನ್ಸ್ ಬಂತು.

ಅದರ ಹಿಂದಿನ ಸಂಗತಿ ಇಷ್ಟು. ಮೂರು ವರ್ಷದ ಹಿಂದೆ, ಹಿರೇವಡ್ಡಟ್ಟಿಯ ಹತ್ತಿರ, ನಬಿಸಾಬ ಓಡಿಸುತ್ತಿದ್ದ ಟೆಂಪೊ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಹಾಲಿನವನೊಬ್ಬನಿಗೆ ಹಾಯ್ದು ಅವನು ಅಲ್ಲೇ ಸತ್ತ. ಬ್ರೇಕ್ ಹಿಡಿದಿರಲಿಲ್ಲ. ಅದಕ್ಕೆ ಮೂರು ದಿನ ಮೊದಲು ಚಹಾದಂಗಡಿಯ ಮುಂದೆ ನಬಿಸಾಬ ಮಾಲಕನಿಗೆ, "ಬ್ರೇಕ್ ಹಿಡಿಯವಲ್ದ್ರೀ, ಗಾಡಿ ನಿಲ್ಲಸೂಣು" ಎಂದು ಹೇಳಿದ್ದ. ಮಾಲಕ, "ಇದೊಂದ ವಾರ ಹೊಡಿ, ಲಗ್ನದ ಸೀಜನ್ ಐತಿ" ಎಂದಿದ್ದ. ಕೇಳಿಸಿಕೊಂಡವನು ಹುಲಗಪ್ಪ ಒಬ್ಬನೇ. ಮಾಲಕ ಈಗ, ನನಗೆ ಯಾರೂ ಏನೂ ಹೇಳಿರಲಿಲ್ಲ, ಡ್ರೈವರನ ಬೇಜವಾಬ್ದಾರಿ, ಎನ್ನುತ್ತಿದ್ದ. ಹುಲಗಪ್ಪ ನಬಿಸಾಬನ ಪರವಾದ ಸಾಕ್ಷಿ.

ನಬಿಸಾಬ ತಾನೇ ಬೆಟಗೇರಿಗೆ ಬಂದ. ಅರವತ್ತಕ್ಕೆ ಹತ್ತಿರವಾಗಿದ್ದ. "ವಕೀಲರನ್ನ ಕೇಳೇನಿ, ಹುಲಗ್ಯಾ. ಬಾಯಿ ಇಲ್ಲದಾಂವ ಕೋರ್ಟಿನ್ಯಾಗ ಕುಂತ ಬರದ್ರ ಅದು ಬಾಯಿಲೆ ಹೇಳಿದಷ್ಟ ಖರೆ ಅಂತ. ಎರಡ ಸಾಲ ಬರದ ಬಿಡು. ಸಾಕ ನನಗ."

ಹುಲಗಪ್ಪ ಅವನ ಕೈ ಹಿಡಿದು ತಲೆಯಾಡಿಸಿದ. ಪಾಟಿಯ ಮೇಲೆ ದೊಡ್ಡದಾಗಿ 'ಬರತೇನಿ' ಎಂದು ಬರೆದು ತೋರಿಸಿದ. ಖರೆಯಾಗಿಯೇ ಬರೆದಿದ್ದ.

ಆ ದಿನ ವಿದ್ಯಾಶ್ರೀ ರಜೆ ಹಾಕಿ ಬರುತ್ತೇನೆಂದರೂ ಬೇಡವೆಂದು ಒಬ್ಬನೇ ಬಸ್ಸು ಹತ್ತಿದ. ಹೊಸ ಅರಿವೆ ಕಟ್ಟಿಕೊಂಡಿದ್ದ, ಜೇಬಿನಲ್ಲಿ ಎರಡು ಪೆನ್ನು. ಕೋರ್ಟಿನ ವರಾಂಡದಲ್ಲಿ ಜನ ಕಿಕ್ಕಿರಿದಿದ್ದರು. ತೆರೆದ ಬಾಗಿಲಿನಿಂದ ಒಳಗಿನ ಕಟಕಟೆ ಕಾಣುತ್ತಿತ್ತು. ಅದರಲ್ಲಿ ನಿಂತವನ ಕಡೆಗೆ ಎಲ್ಲರ ಮುಖವೂ ತಿರುಗಿತ್ತು. ಆಚೆ ತುದಿಯಲ್ಲಿ ನಬಿಸಾಬ, ಅವನ ಹೆಂಡತಿ ಗುಲಾಬಬಿ ಬೆನ್ನು ಮಾಡಿ ಕೂತಿದ್ದರು.

ಧೂಳಿಗೋ ಗಾಬರಿಗೋ ಹುಲಗಪ್ಪನಿಗೆ ಕೆಮ್ಮು ಬಂತು. ಕೆಮ್ಮಿದರೆ ಅದು ಬಾಯಿಂದ ಬರುವುದಿಲ್ಲ. ಕುತ್ತಿಗೆಯ ರಂಧ್ರದಿಂದ ಸೀಟಿಯಂಥ ಸದ್ದು ಹೊರಟು, ಅರಿವೆ ಹಾರಿ, ಕಫ ಪಕ್ಕದವನ ತೋಳಿನ ಮೇಲೆ ಬಿತ್ತು. ಅವನು "ಥೂ" ಎಂದು ಹಾರಿ ನಿಂತ. ಒಂದು ಸಣ್ಣ ಹುಡುಗಿ ತಾಯಿಯ ಸೆರಗು ಜಗ್ಗಿ, "ಅವ್ವಾ, ಅವನ ಕುತ್ತಗ್ಯಾಗ ತೂತ ಐತಿ ನೋಡ" ಎಂದಳು. ತಾಯಿ ಅವಳ ಕಣ್ಣು ಮುಚ್ಚಿದಳು. ಸುತ್ತಲೂ ಜಾಗ ಖಾಲಿಯಾಯಿತು. ಹುಲಗಪ್ಪ ಎರಡೂ ಕೈಯಿಂದ ಕುತ್ತಿಗೆ ಮುಚ್ಚಿಕೊಂಡ. ಉಸಿರು ಕಟ್ಟಿತು. ಕೈ ತೆಗೆದ. ಮತ್ತೆ ಸೀಟಿ. ಆ ಕಟಕಟೆಯಲ್ಲಿ ಕೂತು, ನ್ಯಾಯಾಧೀಶರು ಕಾಯುತ್ತಿರುವಾಗ, ಎಲ್ಲರೂ ನೋಡುತ್ತಿರುವಾಗ, ಹೀಗೆ ಸಿಡಿಯುತ್ತ, ನಡುಗುವ ಅಕ್ಷರ ಬರೆಯುವುದು ಅವನ ಕಣ್ಣಿಗೆ ಕಟ್ಟಿತು. ಕಾಲುಗಳು ತಾವಾಗಿ ತಿರುಗಿದವು. ಬೇವಿನ ಮರದ ಕೆಳಗೆ ಐದು ನಿಮಿಷ ಸುಧಾರಿಸಿಕೊಂಡು ಹೋದರಾಯಿತು ಎಂದುಕೊಂಡ. ಮರ ದಾಟಿದ. ಗೇಟು ದಾಟಿದ. ಗದಗಿನ ಬಸ್ಸು ನಿಂತಿತ್ತು.

"ಆತೇನಪಾ?" ವಿದ್ಯಾಶ್ರೀ ಸಂಜೆ ಕೇಳಿದಳು.

'ಆತು' ಎಂದು ಬರೆದ.

"ಬರದ್ಯಾ? ಏನಂದ್ರು?"

ಅವನು ಆ ಶಬ್ದದ ಕೆಳಗೆ ಗೆರೆ ಎಳೆದು ಪಾಟಿ ಇಟ್ಟ. ಮಲ್ಲವ್ವ ಅವತ್ತು ಶಾವಿಗೆ ಪಾಯಸ ಮಾಡಿದ್ದಳು. ನುಣ್ಣಗೆ ರುಬ್ಬಿ ಕೊಟ್ಟದ್ದನ್ನು ಅವನು ಕುಡಿದ.

ಮೂರು ವಾರದ ನಂತರ ನಬಿಸಾಬನ ಮಗ ಶಫೀಕ ಬಾಗಿಲಿಗೆ ಬಂದು ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಅಪ್ಪಾಗ ಒಂದ ವರ್ಷ ಜೇಲ ಆತು, ಕಾಕಾ. ನೀ ಬರ್ತೀ ಅಂತ ಅವತ್ತ ಮೂರ ತಾಸ ಬಾಗಲಾ ನೋಡಿದಾ. ವಕೀಲರು ಮ್ಯಾಲಿನ ಕೋರ್ಟಿಗೆ ಹೋಗೂಣ ಅಂದ್ರು. ಅಂವ ವಲ್ಲೆ ಅಂದಾ. 'ನನ್ನ ಕೂಡ ಹದಿನಾರ ವರ್ಷ ಇದ್ದಾಂವನ ಬರಲಿಲ್ಲ, ಇನ್ಯಾರ ನಂಬತಾರು' ಅಂದಾ."

ಮಲ್ಲವ್ವ ಗಂಡನ ಮುಖ ನೋಡಿದಳು. ವಿದ್ಯಾಶ್ರೀ ಪಾಟಿ ನೋಡಿದಳು. ಶಫೀಕ ಹೋದ ಮೇಲೆ ಇಬ್ಬರೂ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ಹುಲಗಪ್ಪ ಲ್ಯಾಪ್‌ಟಾಪ್ ತೆರೆದ. ಬಿಟ್ಟಲ್ಲೇ ಸೋಮ ನಿಂತಿದ್ದ, ಸೆರೆ ಮುಗಿಸಿ ಬಂದು ಸಂತೆಯ ನಡುವೆ. ಹೂ ಮಾರುವ ಹೆಂಗಸೊಬ್ಬಳು ಅವನನ್ನು ಗುರುತಿಸಿ, ಕಮ್ಮಾರನ ಪರವಾಗಿ ಮಾತಾಡಿದವನು ನೀನೇ ಅಲ್ಲವೇ, ನಿನ್ನಂಥವರು ಇರುವುದರಿಂದ ನಮಗೆ ಧೈರ್ಯ, ಎಂದಳು. ಹುಲಗಪ್ಪ ಅದನ್ನು ಓದಿ ಮುಗಿಸಲು ಎಷ್ಟೋ ಹೊತ್ತಾಯಿತು. ಸೋಮನ ಮುಖದಲ್ಲಿ ನಗುವಿತ್ತು. ಇಷ್ಟು ದಿನ ತನ್ನದೆಂದುಕೊಂಡಿದ್ದ ಆ ಮುಖ ಈಗ ಯಾರೋ ದೊಡ್ಡ ಮನುಷ್ಯರದಾಗಿ, ತನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದಂತಾಯಿತು. ಅವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು.

ಮೂರು ದಿನ ಅವನು ಸೋಮನನ್ನು ಕೆಡಿಸಿದ. ಆ ಹೂವಿನವಳಿಗೆ ಬೈಯಿಸಿದ. ದಾರಿ ಕೇಳಿದ ಕುರುಡನಿಗೆ ಸುಳ್ಳು ಹೇಳಿಸಿದ. ಮೊದಲಿನಿಂದ ಜತೆಗೆ ನಡೆದುಬಂದ ಗೆಳೆಯನೊಬ್ಬ ಗಾಯಗೊಂಡು ಕೈಚಾಚಿದಾಗ ಬಿಟ್ಟು ಓಡಿಸಿದ. ಒಂದೊಂದು ಉತ್ತರ ಒತ್ತುವಾಗಲೂ, ನೀನೂ ಇಷ್ಟೇ, ನೀನೂ ಇಷ್ಟೇ, ಎನ್ನುತ್ತಿತ್ತು ಮನಸ್ಸು. ಆದರೆ ಅದೇ ಒಡಕು ದನಿ ಆ ಹೊಲಸು ಮಾತುಗಳನ್ನು ಹೇಳುವಾಗ, ತಾನೇ ಎತ್ತಿ ಆಡಿಸಿದ ಕೂಸಿನ ಕೆನ್ನೆಗೆ ಹೊಡೆದಂತೆ ಕೈ ಸೋಲುತ್ತಿತ್ತು. ನಾಲ್ಕನೆಯ ದಿನ ಊರ ಜನ ಸೋಮನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಹುಲಗಪ್ಪ ಹೆದರಿ, ವಿದ್ಯಾಶ್ರೀಯ ಮುಂದೆ ಲ್ಯಾಪ್‌ಟಾಪ್ ಇಟ್ಟು, 'ಮೊದಲಿನಂಗ ಮಾಡು' ಎಂದು ಬರೆದ.

ಅವಳು ಹುಡುಕಿ ನೋಡಿ ಹೇಳಿದಳು. "ಹಿಂದಿಂದೆಲ್ಲಾ ಅಳಸಿ ಅದರ ಮ್ಯಾಲೆ ಹೊಸಾದು ಬರದೈತಪಾ. ಹಿಂದಕ ಹೋಗಾಕ ಬರಂಗಿಲ್ಲ."

ಆಮೇಲೆ, ತಡೆಯಲಾರದೆ, "ಇವಂಗರ ಯಾಕ ಹಿಂಗ ಮಾಡಿದಿ?" ಎಂದಳು. ಅವನು ಲ್ಯಾಪ್‌ಟಾಪ್ ಮುಚ್ಚಿ, ಕಂಡಿಕೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತ.

ನಬಿಸಾಬ ಜೈಲು ಸೇರಿದ ಎರಡನೆಯ ತಿಂಗಳು ಹುಲಗಪ್ಪ ಅವನನ್ನು ನೋಡಲು ಹೋದ. ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದು ಒಯ್ದಿದ್ದ. ವರಾಂಡದ ಕೆಮ್ಮು, ಹುಡುಗಿ, ಬಸ್ಸು ಎಲ್ಲ ಅದರಲ್ಲಿತ್ತು. ಭೇಟಿಯ ಜಾಗದಲ್ಲಿ ಜಾಳಿಗೆಯ ಈಚೆ ಹದಿನೈದು ಜನ, ಆಚೆ ಹದಿನೈದು ಜನ. ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ನಬಿಸಾಬ ಬಂದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಹುಲಗಪ್ಪ ಪುಟ ಬಿಡಿಸಿ ಜಾಳಿಗೆಗೆ ಒತ್ತಿ ಹಿಡಿದ.

ನಬಿಸಾಬ ಕಣ್ಣು ಕಿರಿದು ಮಾಡಿ ನೋಡಿದ. "ಚಷ್ಮಾ ಒಡದೈತಿ. ಕಾಣವಲ್ದು."

ಹುಲಗಪ್ಪ ಪುಟವನ್ನು ಇನ್ನೂ ಒತ್ತಿದ. ತುಟಿ ಅಲ್ಲಾಡಿಸಿದ. ಗಾಳಿ ಕುತ್ತಿಗೆಯಿಂದ ಹೋಯಿತು. ಪಕ್ಕದಲ್ಲಿದ್ದ ಯಾರೋ ಹೆಂಗಸು ಕರಗಿ, "ಕೊಡ್ರಿ ಅಣ್ಣಾರ, ನಾ ಓದಿ ಹೇಳತೇನಿ" ಎಂದು ಕೈಚಾಚಿದಳು.

"ಬ್ಯಾಡವಾ" ಎಂದ ನಬಿಸಾಬ. ದನಿಯಲ್ಲಿ ಸಿಟ್ಟಿರಲಿಲ್ಲ. "ಓದಿದ್ರ ಏನಾಗತೈತಿ ಈಗ. ಹುಲಗ್ಯಾ, ಬಿಸಲ ಭಾಳ ಐತಿ. ಮನಿಗೆ ಹೋಗು."

ಅಷ್ಟು ಹೇಳಿ ಅವನು ತಿರುಗಿ ಒಳಗೆ ನಡೆದ, ಭೇಟಿಯ ವೇಳೆ ಇನ್ನೂ ಉಳಿದಿತ್ತು. ಪೊಲೀಸನೊಬ್ಬ ಹುಲಗಪ್ಪನ ಭುಜ ತಟ್ಟಿ, ಹಿಂದಿನವರಿಗೆ ಜಾಗ ಬಿಡಲು ಹೇಳಿದ.

ವರ್ಷ ಮುಗಿಸಿ ನಬಿಸಾಬ ಹೊರಬಂದು ಲಕ್ಷ್ಮೇಶ್ವರದ ಮಗಳ ಮನೆಗೆ ಹೋದನೆಂದು ಖಬರ ಬಂತು. ಹುಲಗಪ್ಪ ಹೋಗಲಿಲ್ಲ, ಅವನೂ ಬರಲಿಲ್ಲ. ಸೋಮ ಯಾರೂ ಬಾಗಿಲು ತೆರೆಯದ ಆ ಊರಿನಲ್ಲೇ ಉಳಿದ. ಕೆಲವು ಮಧ್ಯಾಹ್ನ ಮಲ್ಲವ್ವ ಮಗ್ಗದಿಂದ ತಲೆಯೆತ್ತಿದರೆ, ಗಂಡ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡಿರುವುದು ಕಾಣುತ್ತದೆ. ಅವನು ಏನನ್ನೂ ಒತ್ತುವುದಿಲ್ಲ. ಪರದೆಯೊಳಗಿನ ಮಳೆಯಲ್ಲಿ ನಿಂತ ಆ ಮನುಷ್ಯನನ್ನು ನೋಡುತ್ತ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಾನೆ. ಮಲ್ಲವ್ವ ಈಗ ಊಟಕ್ಕೆ ಕರೆಯುವುದಿಲ್ಲ. ತಾಟನ್ನು ಪಕ್ಕದಲ್ಲಿಟ್ಟು ಹೋಗುತ್ತಾಳೆ.