ಎರಡು ಪೆಡಲ್‌ಗಳ ಮೇಷ್ಟ್ರು

ಊರಿಗೆಲ್ಲ ಕಾರು ಕಲಿಸಿದ ಮೇಷ್ಟ್ರೇ ಕಾರನ್ನು ಗೋಡೆಗೆ ಗುದ್ದಿದರು ಅಂದರೆ ಯಾರು ತಾನೇ ನಂಬುತ್ತಾರೆ? ಅದೂ ಎರಡು ಸಲ. ಮೊದಲನೆಯ ಸಲ ಮನೆಯ ಗೇಟಿನ ಕಂಬ. ಎರಡನೆಯ ಸಲ ಆಸ್ಪತ್ರೆಯ ಪಾರ್ಕಿಂಗ್ ಗೋಡೆ. ಆಗ ಪಕ್ಕದಲ್ಲಿ ಹೆಂಡತಿ ಕೂತಿದ್ದರು, ಕನ್ನಡಕ ಒಡೆದು ಹುಬ್ಬಿಗೆ ಮೂರು ಹೊಲಿಗೆ ಬಿತ್ತು. ಇನ್ನು ಜನರ ಬಾಯಿಗೆ ಬೀಗ ಹಾಕುವವರು ಯಾರು? "ಮೇಷ್ಟ್ರಿಗೆ ವಯಸ್ಸಾಯ್ತು" ಅಂತ ಎಲ್ಲರೂ ಷರಾ ಬರೆದೇಬಿಟ್ಟರು. ಹಾಗೆ ಬರೆದವರಲ್ಲಿ ಅರ್ಧ ಜನಕ್ಕೆ ಕ್ಲಚ್ ಯಾವುದು, ಬ್ರೇಕ್ ಯಾವುದು ಅಂತ ತೋರಿಸಿಕೊಟ್ಟವರೇ ಈ ಮೇಷ್ಟ್ರು. ಅದನ್ನು ನೆನೆಸಿಕೊಳ್ಳುವ ಸೌಜನ್ಯ ಯಾರಿಗಿದೆ ಹೇಳಿ.

ಷರಾ ಬರೆಯದೆ ಉಳಿದವಳು ಅವರ ತಮ್ಮನ ಮಗಳು ಒಬ್ಬಳೇ. ಗೇರ್‌ಬಾಕ್ಸ್ ರಿಪೇರಿ ಅವಳ ಕಸುಬು, ಸ್ವಂತ ಗ್ಯಾರೇಜು. ಚಿಕ್ಕಂದಿನಲ್ಲಿ ಕಂಡದ್ದಕ್ಕೆಲ್ಲ ಯಾಕೆ, ಯಾಕೆ ಅಂತ ಎಲ್ಲರ ತಲೆ ತಿನ್ನುತ್ತಿದ್ದಳು ಅಂತ ದೊಡ್ಡಪ್ಪನೇ ಇಟ್ಟ ಹೆಸರು ಯಾಕಮ್ಮ. ವಯಸ್ಸು ನಲವತ್ತಕ್ಕೆ ಬಂದರೂ ಆ ಹೆಸರು ಹೋಗಿಲ್ಲ, ಆ ಚಾಳಿಯೂ ಹೋಗಿಲ್ಲ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಪಾಠ ನಿಲ್ಲಿಸಿದ ಮೇಲೆ ಕೊಂಡ, ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಕಾರು ಮಾತ್ರ ಎಳೆಯುವ ಗಾಡಿಯ ಮೇಲೇರಿ ಬಂತು.

"ಓಡಿಸ್ಕೊಂಡೇ ಬರಬಹುದಿತ್ತಲ್ಲ ದೊಡ್ಡಪ್ಪ?"

"ಅನುಮಾನ ಇರೋ ಗಾಡೀನ ರಸ್ತೆಗೆ ಇಳಿಸಬಾರದು" ಅಂದರು. ಆಮೇಲೆ ಕೀಯನ್ನು ಅವಳ ಮೇಜಿನ ಮೇಲಿಟ್ಟು, ಮನೆಯಲ್ಲಿ ಹತ್ತು ಸಲ ಹೇಳಿಕೊಂಡು ಬಂದವರಂತೆ ಒಂದೇ ಉಸಿರಿಗೆ ಹೇಳಿದರು: "ಕಾರಿನ ತಪ್ಪಾದ್ರೆ ರಿಪೇರಿ ಮಾಡು. ನನ್ನ ತಪ್ಪಾದ್ರೆ ಮುಚ್ಚುಮರೆ ಇಲ್ದೆ ಹೇಳು. ಇನ್ನು ಮುಂದೆ ಸ್ಟಿಯರಿಂಗ್ ಮುಟ್ಟಲ್ಲ."

"ಏನಾಯ್ತು ಅಂತ ಸರಿಯಾಗಿ ಹೇಳಿ."

"ಗೇಟಿನ ಹತ್ರ ನಾಯಿ ಅಡ್ಡ ಬಂತು. ಬ್ರೇಕ್ ತುಳಿದೆ. ಎಷ್ಟು ತುಳಿದ್ರೂ ಗಾಡಿ ಮುಂದೇನೇ ಹೋಯ್ತು. ಆಸ್ಪತ್ರೇಲೂ ಅಷ್ಟೇ, ಯಾರೋ ಒಬ್ಬರು ಪಕ್ಕದ ಕಾರಿನ ಬಾಗಿಲು ದಬಾರನೆ ತೆಗೆದ್ರು. ಬ್ರೇಕೇ ತುಳಿದಿದ್ದು ಕಣೇ. ಬೇಕಾದ್ರೆ ಪ್ರಮಾಣ ಮಾಡ್ತೀನಿ."

ಅವರು ಸುಳ್ಳು ಹೇಳುವವರಲ್ಲ. ಅವಳು ಕಾರನ್ನು ಲಿಫ್ಟಿಗೆ ಏರಿಸಿದಳು.

ಆಟೋಮ್ಯಾಟಿಕ್ ಗಾಡಿಯ ಗೇರ್‌ಬಾಕ್ಸ್ ಬಿಚ್ಚಿದರೆ ಅದರ ಹೊಟ್ಟೆಯಲ್ಲಿ ಯಜಮಾನನ ಜಾತಕವೇ ಸಿಗುತ್ತದೆ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಮುಂದಕ್ಕೋಡುವ ಡಿಯಿಂದ ಹಿಂದಕ್ಕೋಡುವ ಆರ್‌ಗೆ ಎಳೆಯುವ ಅವಸರದವರು, ಇಳಿಜಾರಿನಲ್ಲಿ ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ಗೆ ಹಾಕಿ ಜಾರುವ ಜಾಣರು, ಹ್ಯಾಂಡ್‌ಬ್ರೇಕ್ ಎಳೆಯದೆ ಬರೀ ಪಾರ್ಕಿಂಗಿನ ಪಿಗೆ ಹಾಕಿ ಇಡೀ ಗಾಡಿಯ ಭಾರವನ್ನು ಬೆರಳುದ್ದದ ಒಂದು ಕಬ್ಬಿಣದ ಕೊಂಡಿಯ ಮೇಲೆ ಹೊರಿಸುವ ಪುಣ್ಯಾತ್ಮರು, ಇವರೆಲ್ಲ ತಮ್ಮ ತಮ್ಮ ಗುರುತು ಅಲ್ಲಿ ಬಿಟ್ಟಿರುತ್ತಾರೆ. ಮೇಷ್ಟ್ರ ಗಾಡಿಯಲ್ಲಿ ಅಂಥದ್ದು ಏನೂ ಇರಲಿಲ್ಲ. ಎಣ್ಣೆ ತಿಳಿಗೆಂಪಾಗಿತ್ತು, ಸುಟ್ಟ ವಾಸನೆ ಇಲ್ಲ. ಕೊಂಡಿಯ ಹಲ್ಲು ಹೊಸದರಂತಿತ್ತು. ಬ್ರೇಕ್ ಗಟ್ಟಿ, ಆಕ್ಸಿಲರೇಟರ್ ಹಗುರ, ಕಾಲಡಿಯ ಮ್ಯಾಟು ಸರಿಯದಂತೆ ಕೊಕ್ಕೆಗೆ ಸಿಕ್ಕಿಸಿದೆ. ಕಂಪ್ಯೂಟರ್ ಜೋಡಿಸಿದರೆ ಅದೂ ಯಾವ ದೋಷವನ್ನೂ ತೋರಿಸದೆ ಮುಗುಮ್ಮಾಗಿ ಕೂತಿತು. ಇಷ್ಟು ಒಳ್ಳೆಯ ಅಭ್ಯಾಸದ ಮನುಷ್ಯ ಗೋಡೆಗೆ ಗುದ್ದಿದ್ದು ಯಾಕೆ? ಅವಳ ತಲೆಗೆ ಹುಳ ಬಿಟ್ಟಂತಾಯಿತು.

ಬುಧವಾರ ಗ್ಯಾರೇಜಿನ ಹಿಂದಿನ ಖಾಲಿ ಅಂಗಳದಲ್ಲಿ ಅವರನ್ನೇ ಓಡಿಸಲು ಕೂರಿಸಿ, ಎಡಗಡೆಯ ಸೀಟಿನಲ್ಲಿ ತಾನು ಕೂತಳು. ಮೇಷ್ಟ್ರು ಬ್ರೇಕಿನ ಮೇಲೆ ಕಾಲಿಟ್ಟು ಸ್ಟಾರ್ಟ್ ಮಾಡಿದರು, ಹ್ಯಾಂಡ್‌ಬ್ರೇಕ್ ಇಳಿಸಿದರು, ಎಡಗಾಲನ್ನು ಪೆಡಲ್‌ಗಳ ಪಕ್ಕ ಕಾಲು ಊರಲೆಂದೇ ಇರುವ ಒರಗುಪಟ್ಟಿಯ ಮೇಲೆ ಅಲ್ಲಾಡದಂತೆ ಇಟ್ಟುಕೊಂಡರು. ನೋಡಲು ಎರಡು ಕಣ್ಣು ಸಾಲದು. ಹತ್ತು ಸುತ್ತು ಹಾಕಿದರೂ ಒಂದು ಜಗ್ಗಿಲ್ಲ, ಒಂದು ಜರ್ಕಿಲ್ಲ. ಹನ್ನೊಂದನೆಯ ಸುತ್ತಿಗೆ ಪಕ್ಕದ ಟೈರ್ ಅಂಗಡಿಯಿಂದ ಹಳೆಯ ಟೈರೊಂದು ಉರುಳಿಕೊಂಡು ನೇರ ಎದುರಿಗೆ ಬಂತು.

ಎಂಜಿನ್ ಅಬ್ಬರಿಸಿತು. ಕಾರು ಶೆಡ್ಡಿನ ಕಡೆಗೆ ನೆಗೆಯಿತು. ಅವಳು ಲಿವರನ್ನು ನ್ಯೂಟ್ರಲ್‌ಗೆ ತಳ್ಳಿ ಹ್ಯಾಂಡ್‌ಬ್ರೇಕ್ ಎಳೆದಳು. ತಗಡಿನ ಗೋಡೆ ಒಂದು ಮಾರು ದೂರವಿರುವಾಗ ಗಾಡಿ ನಿಂತಿತು. ಎಂಜಿನ್ ಇನ್ನೂ ಒಂದೇ ಸಮನೆ ಅರಚುತ್ತಿತ್ತು.

"ನೋಡಿದ್ಯಾ? ಬ್ರೇಕ್ ತುಳಿದೇ ಇದ್ದೀನಿ" ಅಂದರು ಮೇಷ್ಟ್ರು. ಮುಖ ಬಿಳಿಚಿಕೊಂಡಿತ್ತು.

ಅವಳು ಕೆಳಗೆ ಬಗ್ಗಿ ನೋಡಿದಳು. ಎರಡು ಕಾಲೂ ಒತ್ತಿಕೊಂಡೇ ಇದ್ದವು. ಎಡಗಾಲು ಒರಗುಪಟ್ಟಿಯನ್ನು ಒತ್ತಿಹಿಡಿದಿತ್ತು. ಬಲಗಾಲು ಆಕ್ಸಿಲರೇಟರನ್ನು ತಳಕ್ಕೆ ಹತ್ತಿಸಿತ್ತು.

"ದೊಡ್ಡಪ್ಪ, ಕಾಲು ತೆಗೀರಿ. ಎರಡೂ."

ಅವರು ಕಾಲೆತ್ತಿದರು, ಅರಚಾಟ ನಿಂತಿತು. ಮೇಷ್ಟ್ರು ಆ ಬಲಗಾಲನ್ನೇ ಬೇರೆ ಯಾರದೋ ಕಾಲು ನೋಡಿದಂತೆ ನೋಡಿದರು.

ಬೇರೆಯವರಾಗಿದ್ದರೆ ವಯಸ್ಸು ಅಂದು ಕೈ ತೊಳೆದುಕೊಳ್ಳುತ್ತಿದ್ದರು. ಯಾಕಮ್ಮನಿಗೆ ಆ ಎಡಗಾಲು ಕಾಡಿತು. ಬಲಗಾಲು ದಾರಿ ತಪ್ಪಿತು ಅನ್ನೋಣ, ಏನೂ ಕೆಲಸವಿಲ್ಲದ ಎಡಗಾಲು ಅಷ್ಟು ಬಲವಾಗಿ ಒತ್ತಿದ್ದು ಏನನ್ನು? ತಾನು ಕೂತಿದ್ದ ಸೀಟಿನ ಕೆಳಗಿನ ಬೋಳು ನೆಲವನ್ನು ನೋಡಿದಳು. ಹದಿನೆಂಟನೆಯ ವಯಸ್ಸಿನಲ್ಲಿ ಅವಳು ದೊಡ್ಡಪ್ಪನ ಬಳಿಯೇ ಕಾರು ಕಲಿತದ್ದು. ಆಗ ಈ ಎಡಗಡೆ ಕೂರುತ್ತಿದ್ದವರು ಅವರು.

"ಕಲಿಸೋ ಕಾರಲ್ಲಿ ನಿಮ್ಮ ಕಡೆ ಎಷ್ಟು ಪೆಡಲ್ ಇದ್ವು?"

"ಎರಡು. ಮೇಷ್ಟ್ರ ಕಡೆ ಎರಡೇ ಇರೋದು. ಎಡಕ್ಕೆ ಕ್ಲಚ್, ಬಲಕ್ಕೆ ಬ್ರೇಕ್."

"ಹುಡುಗರು ಗಾಬರಿಯಾದಾಗ ನೀವೇನು ಮಾಡ್ತಿದ್ರಿ?"

"ಎರಡನ್ನೂ ಒಟ್ಟಿಗೆ ತುಳೀತಿದ್ದೆ. ಇನ್ನೇನು ಮಾಡ್ತಾರೆ?" ಅಂದವರು ಅಲ್ಲಿಗೇ ನಿಲ್ಲಿಸಿದರು. ತಲೆ ಬಗ್ಗಿಸಿ ಈ ಕಾರಿನ ಎರಡು ಪೆಡಲ್‌ಗಳನ್ನು ನೋಡಿದರು. ಎಡಕ್ಕೆ ಬ್ರೇಕ್. ಬಲಕ್ಕೆ ಆಕ್ಸಿಲರೇಟರ್.

"ನಿಮ್ಮ ಹಳೇ ಕಾರಲ್ಲಿ ಮೂರು ಪೆಡಲ್ ಇದ್ದಾಗ ಓಡಿಸೋನು ನಾನು ಅಂತ ನಿಮ್ಮ ಕಾಲಿಗೆ ಗೊತ್ತಿತ್ತು" ಅಂದಳು ಅವಳು. "ಎರಡೇ ಇದ್ರೆ ಮೇಷ್ಟ್ರು ನಾನು ಅಂದ್ಕೊಳ್ಳುತ್ತೆ. ಬೆಚ್ಚಿಬಿದ್ದಾಗ ಎಡಗಾಲು ಇಲ್ಲದ ಕ್ಲಚ್ಚನ್ನ, ಬಲಗಾಲು ಬಲಗಡೇದನ್ನ ತುಳಿಯುತ್ತೆ. ನಲವತ್ತು ವರ್ಷ ಹಾಗೆ ತುಳಿದೇ ಅಲ್ವಾ ಎಷ್ಟೋ ಜನರ ಜೀವ ಉಳಿಸಿದ್ದು?"

ಮೇಷ್ಟ್ರು ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಹಾಗಾದ್ರೆ ವಯಸ್ಸಲ್ಲ" ಅಂದರು. "ಅಭ್ಯಾಸ. ಅಭ್ಯಾಸಾನ ಅಭ್ಯಾಸದಿಂದ್ಲೇ ಬಿಡಿಸಬಹುದು. ನಾನು ಎಷ್ಟು ಜನಕ್ಕೆ ಬಿಡಿಸಿಲ್ಲ?" ಅವಳಿಗೂ ಎದೆ ಹಗುರವಾಯಿತು. ಇಬ್ಬರೂ ಅಲ್ಲೇ ಕೂತು ಒಪ್ಪಂದ ಮಾಡಿಕೊಂಡರು: ಎರಡು ವಾರ ಪಾಠ, ಎಂಜಿನ್ ಆಫ್ ಮಾಡಿ. ಕೊನೆಗೆ ಪರೀಕ್ಷೆ. ಐವತ್ತಕ್ಕೆ ಐವತ್ತು ಬರಬೇಕು. ಷರತ್ತು ಹಾಕಿದವರು ಮೇಷ್ಟ್ರೇ.

ದಿನಾ ಮಧ್ಯಾಹ್ನ ಬಂದರು. ಅವಳು ತಗಡಿಗೆ ಸ್ಪ್ಯಾನರ್‌ನಿಂದ ಬಡಿದರೆ ಅವರು ಬ್ರೇಕ್ ತುಳಿಯಬೇಕು. ಬರೀ ಕಾದು ಕೂತರೆ ಕಾಲು ಹುಷಾರಾಗಿರುತ್ತದೆ ಅಂತ, ಮಾತಿಗೆಳೆದು ಮಾತಿನ ನಡುವೆಯೇ ಬಡಿಯುತ್ತಿದ್ದಳು. ಮೊದಲ ದಿನ ಐವತ್ತಕ್ಕೆ ಮೂವತ್ತೊಂದು. ವಾರ ಕಳೆಯುವಷ್ಟರಲ್ಲಿ ನಲವತ್ತಾರು. "ನಿನ್ನಂಥ ಗಂಟುಮೋರೆ ಮೇಷ್ಟ್ರನ್ನ ನಾನು ಕಂಡಿಲ್ಲ" ಅಂತ ಅವರು ಕಾಲೆಳೆದರು. "ಗುರು ಯಾರು ಅಂತ ಯಾರಾದ್ರೂ ಕೇಳಿದ್ರೆ ನಿಮ್ಮ ಹೆಸರೇ ಹೇಳ್ತೀನಿ" ಅಂತ ಅವಳೂ ಬಿಡಲಿಲ್ಲ.

ಪರೀಕ್ಷೆಯ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಅವಳು ತೆರೆದಿದ್ದ ಕಾರಿನ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು ಟಾರ್ಚಿನ ಬೆಳಕನ್ನು ಪೆಡಲ್‌ಗಳ ಮೇಲೆ ಬಿಟ್ಟಳು. ಅವರ ಕಣ್ಣು ಎದುರಿನ ರಸ್ತೆಯ ಮೇಲಿರಬೇಕು, ಕಾಲು ನೋಡುವಂತಿಲ್ಲ. ಮೂವತ್ತಾರು ಸಲ ಬಡಿದಳು, ಮೂವತ್ತಾರು ಸಲವೂ ಬಲಗಾಲು ಬ್ರೇಕಿಗೇ ಹೋಯಿತು. ಮೂವತ್ತೇಳನೆಯ ಸಲ ಅವರು ಹಳೆಯ ಶಿಷ್ಯನೊಬ್ಬನ ಫಜೀತಿ ಹೇಳಿ ನಗುತ್ತಿದ್ದರು. ಬಡಿದಳು. ಕಾಲು ಸೀದಾ ಬಲಕ್ಕೆ ಹೋಗಿ ಆಕ್ಸಿಲರೇಟರನ್ನು ತಳಕ್ಕೆ ತುಳಿಯಿತು. ಮಾತು ಎಲ್ಲಿಯೂ ತಡವರಿಸಲಿಲ್ಲ. ಅವಳು ಐವತ್ತರವರೆಗೂ ಬಡಿಯುತ್ತಲೇ ಹೋದಳು.

"ಎಷ್ಟಾಯ್ತು?" ಅಂತ ಕೇಳಿದರು. ಅವರ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

ಐವತ್ತು ಅಂದುಬಿಟ್ಟರೆ ಕೇಳುವವರು ಯಾರು? ಟಾರ್ಚು ಹಿಡಿದವಳು ಅವಳೊಬ್ಬಳೇ. ಆ ಮಾತು ನಾಲಿಗೆಯ ತುದಿಗೂ ಬಂತು. ಅವಳು ಟಾರ್ಚು ಆರಿಸಿದಳು.

"ನಲವತ್ತೊಂಬತ್ತು, ದೊಡ್ಡಪ್ಪ."

"ಯಾವುದು ತಪ್ಪಿದ್ದು?"

"ಮೂವತ್ತೇಳನೇದು."

ಮೇಷ್ಟ್ರು ತುಂಬ ಹೊತ್ತು ನೆನಪು ಮಾಡಿಕೊಂಡರು. "ಅದೂ ಬ್ರೇಕೇ ಅಂತ ಪ್ರಮಾಣ ಮಾಡ್ತಿದ್ದೆ" ಅಂದರು.

"ಇನ್ನೊಂದು ತಿಂಗಳು ಮಾಡೋಣ. ಒಂದೇ ಅಲ್ವಾ ತಪ್ಪಿರೋದು?"

"ತಪ್ಪಿದ್ದು ಗೊತ್ತಾಗೋ ಶಿಷ್ಯನಾದ್ರೆ ತಿದ್ದಬಹುದು ಕಣೇ. ಇವನಿಗೆ ಗೊತ್ತೇ ಆಗಲ್ವಲ್ಲ" ಅಂತ ತಮ್ಮ ಬಲಗಾಲನ್ನು ತಟ್ಟಿದರು. ಗೊಂಚಲಿನಿಂದ ಮನೆಯ ಬೀಗದಕೈಯನ್ನು ಬಿಡಿಸಿಕೊಂಡು, ಕಾರಿನದನ್ನು ಅವಳ ಅಂಗೈಯಲ್ಲಿಟ್ಟರು. ಅವಳಿಗೆ ಅಳು ಬಂತು, ಎಣ್ಣೆ ಮೆತ್ತಿದ ತೋಳಿನಲ್ಲೇ ಒರೆಸಿಕೊಂಡಳು. ಅವರು ಫೋನು ತೆಗೆದು ಸ್ಪೀಕರ್‌ಗೆ ಹಾಕಿ ಹೆಂಡತಿಗೆ ಕರೆ ಮಾಡಿದರು.

"ಫೇಲಾದೆ" ಅಂದರು.

ಆ ಕಡೆಯಿಂದ ದೊಡ್ಡಮ್ಮ ಕೇಳಿದರು: "ಹಾಗಂತ ಹೇಳಿದ್ದು ಯಾರು?"

"ಯಾಕಮ್ಮ."

ದೊಡ್ಡಮ್ಮ ಉಸಿರು ಬಿಟ್ಟದ್ದು ಇಬ್ಬರಿಗೂ ಕೇಳಿಸಿತು. "ಇನ್ನು ಓಡಿಸಬೇಡಿ ಅಂತ ನನಗೆ ಹೇಳೋಕೆ ಬಾಯೇ ಬರ್ಲಿಲ್ಲ ನೋಡಿ" ಅಂದರು. "ಅವಳನ್ನ ಊಟಕ್ಕೆ ಕರ್ಕೊಂಡು ಬನ್ನಿ."