ಕಾಗೆ ಗುರುತಿಟ್ಟುಕೊಂಡ ಮುಖ

ಬಂದ ಮರುದಿನವೇ ದೊಡ್ಡವಳ ನೆತ್ತಿಗೆ ಕಾಗೆ ಕುಕ್ಕಿತು. ಮೂರನೇ ದಿನ ಮತ್ತೆ ಕುಕ್ಕಿತು. ನಾಲ್ಕನೇ ದಿನ ರಕ್ತವೇ ಬಂತು. ಒಂಬತ್ತು ವರ್ಷ ಪರದೇಶದ ಹೋಟೆಲೊಂದರ ನೆಲಮಾಳಿಗೆಯಲ್ಲಿ, ಒಂದು ಕಿಟಕಿಯೂ ಇಲ್ಲದ ಲಾಂಡ್ರಿಯಲ್ಲಿ, ಊರವರ ಹಾಸಿಗೆ ಬಟ್ಟೆಗೆಲ್ಲ ಇಸ್ತ್ರಿ ಹಾಕಿ ಬೆಂದವಳು. ಎರಡು ವರ್ಷಕ್ಕೊಮ್ಮೆ ಸಿಗುವ ಒಂದು ತಿಂಗಳ ಬೇಸಿಗೆ ರಜೆಗೆ ಅಮ್ಮನ ಮನೆಗೆ ಬಂದರೆ ಗೇಟಿನ ಪಕ್ಕದ ಬಾದಾಮಿ ಮರದ ಕೆಳಗೆ ಹೆಜ್ಜೆಯಿಡುವ ಹಾಗಿಲ್ಲ. ಮೊದಲೇ ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ತಂಗಿ ಗಾಯಕ್ಕೆ ಔಷಧಿ ಹಚ್ಚಿದಳು, ಹಾಳೆ ಪೆನ್ನು ತಂದುಕೊಟ್ಟಳು. ದೊಡ್ಡವಳು ಕೂತಲ್ಲೇ ಒಂದು ಪುಟ ದೂರು ಗೀಚಿ, ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯ ಮನೆಯ ಬೆಲ್ಲು ಒತ್ತಿದಳು.

ಕಾರ್ಯದರ್ಶಿ ನಿವೃತ್ತ ಡ್ರಿಲ್ ಮೇಷ್ಟ್ರು. ಸೀಟಿ ಊದಲು ಮಕ್ಕಳಿಲ್ಲದೆ ಇಡೀ ಕಟ್ಟಡವನ್ನೇ ಸಾಲಾಗಿ ನಿಲ್ಲಿಸಲು ಕಾಯುತ್ತಿದ್ದ ಮನುಷ್ಯ. ಎಲೆ ಉದುರಿ ಕಾರು ಹಾಳಾಗುತ್ತದೆಂದು ವರ್ಷಗಟ್ಟಲೆ ಗೊಣಗುತ್ತಿದ್ದವರಿಗೂ ಒಂದು ನೆಪ ಬೇಕಿತ್ತು. ಎರಡೇ ದಿನದಲ್ಲಿ ಹದಿನಾಲ್ಕು ಮನೆಯವರು ಸಹಿ ಹಾಕಿದರು. ಸೋಮವಾರ ಮರ ಕಡಿಯುವವರು ಬರುವುದೆಂದು ಗೊತ್ತಾಯಿತು. ಆಗಲಿ, ಪೀಡೆ ತೊಲಗಲಿ ಅಂದಳು ದೊಡ್ಡವಳು.

ಅಲ್ಲಿಯವರೆಗೆ ಮನೆಯಿಂದಾಚೆ ಹೋಗುವಂತಿಲ್ಲವಲ್ಲ, ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಶತ್ರುವನ್ನು ದುರುಗುಟ್ಟಿ ನೋಡುತ್ತ ಕೂತಳು. ಗೂಡು ಕಣ್ಣಿಗೆ ನೇರವಾಗಿಯೇ ಇತ್ತು. ಅರ್ಧ ಕಡ್ಡಿ, ಅರ್ಧ ತಂತಿಯ ಹ್ಯಾಂಗರು. ಒಳಗೆ ಮೂರು ಮರಿ. ಬಾಯಿ ತೆರೆದರೆ ಕೆಂಪೋ ಕೆಂಪು. ಮಧ್ಯಾಹ್ನದ ಸುಡುಬಿಸಿಲಿಗೆ ತಾಯಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳಾಗಿ ಗಂಟೆಗಟ್ಟಲೆ ನಿಲ್ಲುತ್ತಿತ್ತು, ಕೊಕ್ಕು ಅರೆತೆರೆದು ಏದುಸಿರು ಬಿಡುತ್ತ. ಗಂಡು ಕಾಗೆ ಎದುರು ಮನೆಯ ಏಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಕುಡಿದು ಬಂದು ಮರಿಗಳ ಬಾಯಿಗೆ ಬಿಡುತ್ತಿತ್ತು. ಒಂಬತ್ತು ವರ್ಷದಲ್ಲಿ ಒಂದು ಹಕ್ಕಿಯನ್ನೂ ನೆಟ್ಟಗೆ ನೋಡಿರಲಿಲ್ಲ ಅನ್ನುವುದು ಅವಳಿಗೆ ಆಗ ಹೊಳೆಯಿತು. ಅದಕ್ಕೂ ಸಿಟ್ಟು ಬಂತು.

ಇನ್ನೊಂದನ್ನೂ ಗಮನಿಸಿದಳು. ಅಮ್ಮ ತರಕಾರಿ ಚೀಲ ಹಿಡಿದು ಅದೇ ಮರದಡಿ ಹಾದುಹೋದರೆ ಕಾಗೆ ಕತ್ತೂ ತಿರುಗಿಸುತ್ತಿರಲಿಲ್ಲ. ಸಿಲಿಂಡರ್ ತರುವವನು, ಪೇಪರಿನವನು, ಬೀದಿನಾಯಿ, ಯಾರಿಗೂ ಏನೂ ಮಾಡಲಿಲ್ಲ. ಕುಕ್ಕುವುದು ಅವಳೊಬ್ಬಳನ್ನೇ. ಈ ಮರ್ಯಾದೆ ತನಗೊಬ್ಬಳಿಗೇ ಯಾಕೆ ಎಂದು ಶನಿವಾರ ತಲೆಯ ಮೇಲೆ ಬಕೆಟ್ ಕವುಚಿಕೊಂಡು ಕೆಳಗಿಳಿದು ಕಾವಲುಗಾರನನ್ನು ಕೇಳಿದಳು.

ಅವನು ಹೇಳಲೋ ಬೇಡವೋ ಎಂದು ತಲೆ ಕೆರೆದುಕೊಂಡ. ಆಮೇಲೆ ಹೇಳಿಯೇಬಿಟ್ಟ.

"ಅದಕ್ಕೆ ಸಿಟ್ಟು ನಿಮ್ಮ ಮೇಲಲ್ಲಮ್ಮ, ನಿಮ್ಮ ಮುಖದ ಮೇಲೆ. ಎರಡು ತಿಂಗಳ ಹಿಂದೆ ಅದರ ಮೊದಲನೇ ಗೂಡನ್ನ ನಿಮ್ಮ ತಂಗಿ ಪರದೆ ಕೋಲಲ್ಲಿ ಕೆಡವಿದ್ರು. ಎರಡು ಮರಿ ನನ್ನ ಕುರ್ಚಿ ಹತ್ರಾನೇ ಬಿದ್ವು. ನಾನೇ ಗುಡಿಸಿ ಹಾಕ್ದೆ."

ಅಕ್ಕತಂಗಿಯರು ಒಂದೇ ಅಚ್ಚು. ಅಮ್ಮನೇ ಫೋನಿನಲ್ಲಿ ಧ್ವನಿ ಕೇಳಿ, ಫೋಟೋ ನೋಡಿ ತಡಬಡಾಯಿಸುವುದುಂಟು. ಪಾಪ, ಕಾಗೆಗೇನು ಗೊತ್ತು. ಈ ಬೇಸಿಗೆಯಲ್ಲಿ ತಂಗಿ ಧೂಳು ಆಗುವುದಿಲ್ಲವೆಂದು ಮುಖಕ್ಕೆ ಮಾಸ್ಕು, ತಲೆಗೆ ಸ್ಕಾರ್ಫು ಸುತ್ತಿ ಓಡಾಡುವುದು ಏತಕ್ಕೆಂದು ದೊಡ್ಡವಳಿಗೆ ಈಗ ಅರ್ಥವಾಯಿತು. ಪಿತ್ತ ನೆತ್ತಿಗೇರಿತು. ಮೂರು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿ ಹೋದಳು.

ತಂಗಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ, ಕಟ್ಟಡದ ಹೆಂಗಸರೇ ಗಿರಾಕಿಗಳು. ಅವಳು ಏನನ್ನೂ ಮುಚ್ಚಿಡಲಿಲ್ಲ. ಹೊಲಿದು ಬಾಲ್ಕನಿಯಲ್ಲಿ ನೇತುಹಾಕಿದ ಬಟ್ಟೆಯಿಂದ ಹ್ಯಾಂಗರು ಎಳೆದುಕೊಂಡು ಹೋಗುತ್ತಿತ್ತಂತೆ ಕಾಗೆ. ಮೂರನೇ ಸಲ ಗಿರಾಕಿಯೊಬ್ಬರ ಹೊಸ ಉಡುಪು ಚರಂಡಿಗೆ ಬಿದ್ದಾಗ ತಲೆ ಕೆಟ್ಟು ಕೋಲೆತ್ತಿದಳಂತೆ. ಮರಿ ಇದೆಯೆಂದು ಬಿದ್ದ ಮೇಲೇ ತಿಳಿದದ್ದು.

"ಹಾಗಾದ್ರೆ ನಾನು ದೂರು ಬರೀವಾಗ ಯಾಕೆ ಬಾಯಿ ಬಿಡ್ಲಿಲ್ಲ?" ಅಂದಳು ದೊಡ್ಡವಳು.

ಚಿಕ್ಕವಳು ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. "ನಾನು ಬರೆದಿದ್ರೆ ಅದು ನಿನ್ನನ್ನೇ ಯಾಕೆ ಕುಕ್ಕತ್ತೆ ಅಂತ ಎಲ್ರೂ ನನ್ನನ್ನ ಕೇಳ್ತಿದ್ರು. ನೀನು ಬರೆದೆ, ಯಾರೂ ಕೇಳ್ಲಿಲ್ಲ."

ದೊಡ್ಡವಳ ಮೈ ಉರಿದುಹೋಯಿತು. ಪೆನ್ನು ತಂದುಕೊಟ್ಟದ್ದು ಇದಕ್ಕೆ! ಅವಳು ಆ ದಿನ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಜೋರು ಮಾಡಿ, ತನಗೇನೂ ಕೇಳಿಸಲಿಲ್ಲವೆಂದು ತೋರಿಸಿಕೊಂಡಳು.

ಭಾನುವಾರ ದೂರು ವಾಪಸು ಕೇಳಲು ಹೋದರೆ ಕಾರ್ಯದರ್ಶಿ ಜಗ್ಗಲಿಲ್ಲ. ಹದಿನಾಲ್ಕು ಸಹಿ ಬಿದ್ದಿದೆ, ಈಗ ಬೇಡ ಅನ್ನುವುದಕ್ಕೆ ಕಾರಣ ಬೇಕು ಅಂದರು. ಗೊತ್ತಾದರೆ ಗಿರಾಕಿಗಳು ಕೈಬಿಡುತ್ತಾರೆ, ಕಾರಣವನ್ನು ಹೇಳಬಾರದೆಂದು ತಂಗಿ ರಾತ್ರಿಯಿಡೀ ಅತ್ತು ಕಾಲು ಹಿಡಿದಿದ್ದಳು. ದೊಡ್ಡವಳು ಹಲ್ಲು ಕಚ್ಚಿಕೊಂಡು ಹಿಂತಿರುಗಿದಳು.

ಸೋಮವಾರ ಬೆಳಿಗ್ಗೆ ಹಗ್ಗ, ಗರಗಸ ಹಿಡಿದು ಮೂವರು ಬಂದರು. ನೋಡಲು ಅರ್ಧ ಕಟ್ಟಡವೇ ಕೆಳಗೆ ನೆರೆಯಿತು. ಮರ ಹತ್ತುವವನು ಸೊಂಟಕ್ಕೆ ಹಗ್ಗ ಬಿಗಿದು ಮೊದಲ ಕೊಂಬೆಗೆ ಕಾಲಿಟ್ಟನೋ ಇಲ್ಲವೋ, ಮೇಲೆ ಮೂರೂ ಮರಿ ತಾಯಿ ತುತ್ತು ತಂದಿತೆಂದು ಬಾಯಿ ತೆರೆದವು. ಬಾಲ್ಕನಿಯಿಂದ ಅದನ್ನು ಕಂಡ ದೊಡ್ಡವಳು ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡಿದಳು. ಕಾಗೆ ಎರಗಿತು, ಕುಕ್ಕಿತು. ಅವಳು ಕೈಯಡ್ಡ ಹಿಡಿಯಲಿಲ್ಲ.

"ನಿಲ್ಸಿ. ಇದರ ಗೂಡು ಕೆಡವಿ ಎರಡು ಮರಿ ಸಾಯಿಸಿದ್ದು ನನ್ನ ತಂಗಿ. ಅವಳು ಅಂದ್ಕೊಂಡು ನನ್ನನ್ನ ಕುಕ್ತಾ ಇದೆ. ನಿಮ್ಮಲ್ಲಿ ಇನ್ಯಾರನ್ನಾದ್ರೂ ಮುಟ್ಟಿದೆಯಾ, ಹೇಳಿ ನೋಡೋಣ."

ಮರ ಹತ್ತಿದವನು ಇಳಿದು, ಮರಿ ಇರುವ ಗೂಡೆಂದು ಮೊದಲೇ ಹೇಳಬಾರದಿತ್ತೇ ಎಂದು ಕಾರ್ಯದರ್ಶಿಯ ಮೇಲೆ ರೇಗಿ, ಮರಿ ಹಾರುವ ತನಕ ಈ ಕಡೆ ತಲೆ ಹಾಕುವುದಿಲ್ಲವೆಂದು ಹಗ್ಗ ಸುತ್ತಿಕೊಂಡ. ಎರಡನೇ ಮಹಡಿಯ ಟೀಚರಮ್ಮ ಕತ್ತೆತ್ತಿ ಚಿಕ್ಕವಳ ಬಾಲ್ಕನಿಯನ್ನೇ ನೋಡುತ್ತ ನಿಂತರು. ಅಲ್ಲಿ ನಿಂತಿದ್ದ ಚಿಕ್ಕವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸಂಜೆ ಟೀಚರಮ್ಮ ಬಂದು, ಅರ್ಜೆಂಟಿಲ್ಲ, ಆಮೇಲೆ ಕೊಡುತ್ತೇನೆ ಎಂದು ಕತ್ತರಿಸದ ಬಟ್ಟೆಯನ್ನು ವಾಪಸು ಒಯ್ದರು. ಮರುದಿನ ಇನ್ನಿಬ್ಬರು ಬಂದರು. ನಗುನಗುತ್ತಲೇ ಮಾತಾಡಿ, ನಗುನಗುತ್ತಲೇ ಗಂಟು ಕಟ್ಟಿಕೊಂಡು ಹೋದರು. ಎಲೆ ಉದುರುತ್ತದೆಂದು ಮರಕ್ಕೇ ಕೊಡಲಿ ಹಾಕಿಸಲು ಸಹಿ ಮಾಡಿದವರು ಇವರೇ. ಈಗ ಎರಡು ಮರಿಗೆ ಎಲ್ಲಿಲ್ಲದ ಕನಿಕರ. ಹೊಲಿಗೆ ಯಂತ್ರ ಸುಮ್ಮನಾಯಿತು. ಚಿಕ್ಕವಳು ಅಕ್ಕನ ಜೊತೆ ಮಾತು ಬಿಟ್ಟಳು.

ಗುರುವಾರ ಅವಳು ಪಕ್ಕದ ಬೀದಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಕೇಳಲು ಹೊರಟಳು. ಎಲ್ಲರಿಗೂ ಗೊತ್ತಾದ ಮೇಲೆ ಇನ್ನೇನೆಂದು ಮುಖಕ್ಕೆ ಏನೂ ಸುತ್ತಿಕೊಳ್ಳಲಿಲ್ಲ. ದೊಡ್ಡವಳು ಬಾಗಿಲಿಗೆ ಅಡ್ಡ ನಿಂತಳು.

"ನಾನು ಮುಂದೆ ಹೋಗ್ತೀನಿ. ಅದು ನನ್ನನ್ನ ಕುಕ್ತಾ ಇರತ್ತೆ, ಅಷ್ಟರಲ್ಲಿ ನೀನು ಗೇಟು ದಾಟ್ಬಿಡು. ದಿನಾ ಹಾಗೇ ಮಾಡೋಣ."

"ನೀನು ಹೊರಡೋಕೆ ಇನ್ನು ಹನ್ನೆರಡು ದಿನ ಇದೆ ಅಕ್ಕಾ," ಅಂದಳು ಚಿಕ್ಕವಳು. "ಆಮೇಲೆ?"

ದೊಡ್ಡವಳು ಬೈಯಲು ಬಾಯಿ ತೆರೆದಳು. ಕಾರ್ಯದರ್ಶಿಯನ್ನು ಬೈದಾಗಿತ್ತು, ಟೀಚರಮ್ಮನನ್ನು ಬೈದಾಗಿತ್ತು, ಕಾಗೆಯನ್ನೂ ತಂಗಿಯನ್ನೂ ಬೈದಾಗಿತ್ತು. ಇನ್ನು ಬೈಯಲು ಉಳಿದಿದ್ದದ್ದು ತಾನೊಬ್ಬಳೇ. ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.